ಎಲೆ ಉದುರುವ ಹೊತ್ತಿನ ವಿಯೆನ್ನಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಊರಿನ ಬಗ್ಗೆ: ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ಅದೂ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗಿನ ದಿನಗಳ ಬಗ್ಗೆ. ನಮ್ಮ ದಸರಾ, ದೀಪಾವಳಿ ರಜೆ ಸರಿಯಾಗಿ ಅದೇ ಹೊತ್ತಿಗೆ ಬರುತ್ತದಲ್ಲ, ಅದಕ್ಕೇ ಇರಬೇಕು. ಹಾಗಾಗಿ ಈ ಕಂತು ಪೂರ್ತಿ ವಿಯೆನ್ನಾಕ್ಕೇ ಮೀಸಲು.

ಪ್ರಶ್ನೆ: ನಾನು ಶಿಕ್ಷಕಿ. ದಸರಾ ರಜೆಯಲ್ಲಿ ಹೋಗೋದಾ, ದೀಪಾವಳಿ ಹೊತ್ತಿಗೆ ಹೋಗೋದಾ ಅಂತ ಮನೆಯಲ್ಲಿ ಚರ್ಚೆ ನಡೀತಾ ಇದೆ. ಮಕ್ಕಳಿಗೆ 10 ಮತ್ತು 14 ವರ್ಷ. ಯಾವುದು ಒಳ್ಳೇದು? (ಮೈಸೂರಿನ ಓದುಗರು)

ನನ್ನನ್ನು ಕೇಳಿದರೆ ದಸರಾ ರಜೆ. ಕಾರಣ ಚಳಿ ಅಲ್ಲ, ಬೆಳಕು.

ಅಕ್ಟೋಬರ್ ಮೊದಲ ವಾರ ವಿಯೆನ್ನಾದಲ್ಲಿ ಸೂರ್ಯ ಮುಳುಗುವಾಗ ಸಂಜೆ ಆರೂವರೆ. ತಿಂಗಳು ಮುಗಿಯುವ ಹೊತ್ತಿಗೆ ಐದು ಗಂಟೆಯೊಳಗೇ ಕತ್ತಲು. ನಡುವೆ ಏನಾಗುತ್ತದೆ ಅಂದರೆ, ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಯುರೋಪಿನ ಬಹುತೇಕ ದೇಶಗಳಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ನಮಗಿಂತ ಮೂರೂವರೆ ಗಂಟೆ ಹಿಂದಿದ್ದ ಊರು ರಾತ್ರೋರಾತ್ರಿ ನಾಲ್ಕೂವರೆ ಗಂಟೆ ಹಿಂದಾಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ನಾಲ್ಕೂವರೆ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವಾಗಲೇ ಹತ್ತು ಗಂಟೆ ಆಗುತ್ತದೆ. ಮತ್ತೆ ಆರು ಗಂಟೆ ಬೆಳಕು ಸಿಕ್ಕರೆ ಹೆಚ್ಚು.

ದೀಪಾವಳಿ ಹೊತ್ತಿಗೇ ಹೋಗಬೇಕಾದರೆ ಹೋಗಿ, ತಪ್ಪೇನಿಲ್ಲ. ಮರಗಳ ಬಣ್ಣ ಚೆನ್ನಾಗಿ ತಿರುಗುವುದು ಅಕ್ಟೋಬರ್ ನಡುವಿನಿಂದ ಕೊನೆಯವರೆಗೆ. ಆದರೆ ಆಗ ದಿನವನ್ನು ಜೋಡಿಸುವ ಕ್ರಮ ಬದಲಾಗಬೇಕು. ಅದನ್ನು ಮುಂದಿನ ಪ್ರಶ್ನೆಯಲ್ಲಿ ಬಿಡಿಸಿ ಹೇಳಿದ್ದೇನೆ.

ಮಕ್ಕಳ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ. ಅಲ್ಲಿನ ಸರ್ಕಾರಿ ಮ್ಯೂಸಿಯಮ್‌ಗಳಲ್ಲಿ 19 ವರ್ಷ ತುಂಬದವರಿಗೆ ಟಿಕೆಟ್ ಇಲ್ಲ. ದೊಡ್ಡ ಚಿತ್ರ ಸಂಗ್ರಹಾಲಯ, ಅದರ ಎದುರಿಗಿರುವ ಪ್ರಕೃತಿ ವಿಜ್ಞಾನದ ಮ್ಯೂಸಿಯಮ್, ತಾಂತ್ರಿಕ ಮ್ಯೂಸಿಯಮ್ ಎಲ್ಲಕ್ಕೂ ಇದು ಅನ್ವಯ. ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಂಡಿರಿ. ಶೋನ್‌ಬ್ರುನ್ ಅರಮನೆ ಮಾತ್ರ ಇದರಲ್ಲಿ ಸೇರಿಲ್ಲ. ಆದರೆ ಅರಮನೆಯ ಹಿಂದಿನ ದೊಡ್ಡ ತೋಟಕ್ಕೆ ಯಾರಿಗೂ ಟಿಕೆಟ್ ಇಲ್ಲ. ಅದರೊಳಗೇ ಇರುವ ಮೃಗಾಲಯ 1752ರದ್ದು, ಇವತ್ತಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಪ್ರಪಂಚದಲ್ಲೇ ಹಳೆಯದು. ಮೈಸೂರು ಝೂ ನೋಡಿ ಬೆಳೆದ ಮಕ್ಕಳಿಗೆ ತೋರಿಸಲೇಬೇಕಾದ ಜಾಗ.

ಪ್ರಶ್ನೆ: ನಮ್ಮ ಟ್ರಾವೆಲ್ ಏಜೆಂಟ್ ಏಳು ದಿನದಲ್ಲಿ ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್, ಸಾಲ್ಸ್‌ಬರ್ಗ್ ನಾಲ್ಕೂ ತೋರಿಸ್ತೀನಿ ಅಂತಾರೆ. ವಿಯೆನ್ನಾಕ್ಕೆ ಒಂದೂವರೆ ದಿನ ಸಾಕಂತೆ. ನಿಜಾನಾ? (ಹುಬ್ಬಳ್ಳಿಯ ಓದುಗರು)

ಬೇಸಿಗೆಯಲ್ಲಾದರೆ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ, ಹೇಗೋ ಓಡಾಡಿ ಮುಗಿಸಬಹುದು. ಅಕ್ಟೋಬರ್‌ನಲ್ಲಿ ಇದು ಬೇಡವೇ ಬೇಡ. ಒಂದೂರಿಂದ ಇನ್ನೊಂದೂರಿಗೆ ಹೋಗೋದರಲ್ಲೇ ಹಗಲೆಲ್ಲ ಬಸ್ಸಿನೊಳಗೆ ಕಳೆದು, ಹೊಸ ಊರಿಗೆ ಕತ್ತಲಾದ ಮೇಲೆ ಇಳಿಯುತ್ತೀರಿ. ಅಷ್ಟು ದುಡ್ಡು ಕೊಟ್ಟು ಕಿಟಕಿಯಿಂದ ಯುರೋಪ್ ನೋಡೋದು ಯಾಕೆ? ವಿಯೆನ್ನಾದಲ್ಲಿ ಐದು ದಿನ ಇರಿ. ಬೇಕಿದ್ದರೆ ಅಲ್ಲಿಂದಲೇ ಒಂದು ದಿನ ರೈಲಿನಲ್ಲಿ ಆಚೆ ಹೋಗಿ ಬನ್ನಿ.

ಶರತ್ಕಾಲದ ವಿಯೆನ್ನಾಕ್ಕೆ ನಾನು ಹೇಳುವ ನಿಯಮ ಒಂದೇ. ಬೆಳಕಿರುವಾಗ ಹೊರಗಿರಿ, ಕತ್ತಲಾದ ಮೇಲೆ ಒಳಗೆ ಹೋಗಿ. ಬಹಳ ಜನ ಉಲ್ಟಾ ಮಾಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಅರಮನೆ, ಮಧ್ಯಾಹ್ನ ಮ್ಯೂಸಿಯಮ್, ನಾಲ್ಕಕ್ಕೆ ಹೊರಗೆ ಬಂದರೆ ಬಿಸಿಲು ಹೋಗಿರುತ್ತದೆ, ಗಾಳಿ ಬೀಸೋಕೆ ಶುರುವಾಗಿರುತ್ತದೆ.

ಹೊರಗೆ ಅಂದರೆ ಎಲ್ಲಿ? ಮೊದಲು ಬೆಟ್ಟಕ್ಕೆ ಹೋಗಿ. ವಿಯೆನ್ನಾದ ಒಂದು ವಿಶೇಷ ಏನು ಗೊತ್ತಾ, ಊರಿನ ಗಡಿಯೊಳಗೇ ನೂರಾರು ಹೆಕ್ಟೇರ್ ದ್ರಾಕ್ಷಿ ತೋಟ ಇದೆ. ತೋರಿಕೆಗೆ ಬೆಳೆಸಿದ್ದಲ್ಲ, ವ್ಯವಸಾಯ ಮಾಡಿ ವೈನ್ ತೆಗೆದು ಮಾರುವ ತೋಟಗಳು. ಡಿ ನಂಬರಿನ ಟ್ರಾಮ್ ಹತ್ತಿ ಕೊನೆಯ ನಿಲ್ದಾಣ ನುಸ್‌ಡಾರ್ಫ್‌ನಲ್ಲಿ ಇಳಿಯಿರಿ. ಅಲ್ಲಿಂದ ನಗರಸಭೆಯವರೇ ಬೋರ್ಡ್ ಹಾಕಿ ಗುರುತಿಸಿರುವ ಕಾಲುದಾರಿ ಶುರುವಾಗುತ್ತದೆ. ಒಂದನೇ ನಂಬರಿನ ದಾರಿ, ಸುತ್ತು ಸುಮಾರು 11 ಕಿಲೋಮೀಟರ್. ಮೊದಲು ಹೊಳೆಯ ಪಕ್ಕ, ಆಮೇಲೆ ದ್ರಾಕ್ಷಿ ಸಾಲುಗಳ ನಡುವೆ, ಆಮೇಲೆ ಕಾಡು, ಮೇಲೆ 484 ಮೀಟರ್ ಎತ್ತರದ ಕಾಲೆನ್‌ಬರ್ಗ್. ಅಲ್ಲಿ ನಿಂತರೆ ಡ್ಯಾನ್ಯೂಬ್ ನದಿ, ಇಡೀ ಊರು ಕೆಳಗೆ ಕಾಣುತ್ತದೆ. ನಡೆಯೋಕೆ ಆಗದವರು ಯು4 ಮೆಟ್ರೋದಲ್ಲಿ ಹೈಲಿಗೆನ್‌ಶ್ಟಾಟ್‌ಗೆ ಹೋಗಿ 38ಎ ಬಸ್ ಹತ್ತಿದರೆ ನೇರ ಬೆಟ್ಟದ ಮೇಲೆ ಇಳಿಸುತ್ತದೆ. ಬಸ್ಸಿನಲ್ಲಿ ಹತ್ತಿ, ಇಳಿಯುವಾಗ ನಡೆದು ಬರೋದು ನನಗೆ ಇಷ್ಟವಾದ ದಾರಿ. ಇಳಿಜಾರು, ಮಂಡಿಗೆ ಸ್ವಲ್ಪ ಹುಷಾರು.

ಇಳಿಯುವಾಗ ದಾರಿಯಲ್ಲಿ ಬಾಗಿಲ ಮೇಲೆ ಫರ್ ಅಥವಾ ಪೈನ್ ಮರದ ಹಸಿರು ಕೊಂಬೆ ಕಟ್ಟಿದ ಮನೆಗಳು ಕಾಣುತ್ತವೆ. ತೋಟದವರು ತಮ್ಮ ಮನೆಯಂಗಳದಲ್ಲೇ ಬೆಂಚು ಹಾಕಿ ತಮ್ಮ ವೈನ್ ಮಾರುವ ಜಾಗಗಳು ಅವು. ಹೊಯ್ರಿಗರ್ ಅಂತಾರೆ. ಕೊಂಬೆ ಇದ್ದರೆ ಇವತ್ತು ಅಂಗಡಿ ತೆರೆದಿದೆ ಅಂತ ಅರ್ಥ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಬೆಳೆಗಾರರಿಗೆ ಹೀಗೆ ಮಾರಲು ಅನುಮತಿ ಕೊಟ್ಟ, ಆ ಪದ್ಧತಿ ಇಂದಿಗೂ ನಡೆದುಕೊಂಡು ಬಂದಿದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾತ್ರ ಸಿಗುವ ಒಂದಿದೆ, ಶ್ಟುರ್ಮ್ ಅಂತ. ಇನ್ನೂ ಹುದುಗುತ್ತಿರುವ ದ್ರಾಕ್ಷಿ ರಸ, ಬಣ್ಣ ಮಬ್ಬು, ರುಚಿ ಸಿಹಿ. ಸಿಹಿ ಅಂತ ಜ್ಯೂಸ್ ಥರ ಕುಡಿಯಬೇಡಿ, ಸರಿಯಾಗೇ ಅಮಲು ಇರುತ್ತದೆ. ಬಾಟಲಿ ತಂದು ಬ್ಯಾಗಿನಲ್ಲಿ ಮಲಗಿಸಲೂಬೇಡಿ. ಒಳಗೆ ಗ್ಯಾಸ್ ಬರುತ್ತಲೇ ಇರುತ್ತದಾದ್ದರಿಂದ ಮುಚ್ಚಳ ಬಿಗಿ ಮಾಡಿರುವುದಿಲ್ಲ, ಬಟ್ಟೆಯೆಲ್ಲ ಹಾಳು. ಕುಡಿಯದವರು, ಮಕ್ಕಳು ಟ್ರೌಬೆನ್‌ಮೋಸ್ಟ್ ಕೇಳಿ. ಹುದುಗುವ ಮುಂಚಿನ ತಾಜಾ ರಸ, ಅಷ್ಟೇ ಚೆನ್ನಾಗಿರುತ್ತದೆ. ಇಂಥ ಕಡೆ ಕಾರ್ಡ್ ನಡೆಯದೇ ಇರಬಹುದು, ಕೈಯಲ್ಲಿ ನಗದು ಇರಲಿ.

ಇನ್ನು ಕತ್ತಲಾದ ಮೇಲೆ. ಗುರುವಾರ ನಿಮ್ಮ ದಿನಗಳ ನಡುವೆ ಬಂದರೆ ಮೇಲೆ ಹೇಳಿದ ದೊಡ್ಡ ಚಿತ್ರ ಸಂಗ್ರಹಾಲಯ, ಅಂದರೆ ಕುನ್‌ಸ್ಟ್‌ಹಿಸ್ಟೊರಿಶಸ್ ಮ್ಯೂಸಿಯಮ್‌ಗೆ ಸಂಜೆ ಹೋಗಿ, ಅವತ್ತು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಎಲ್ಲ ಕೋಣೆ ಸುತ್ತಬೇಕಾಗಿಲ್ಲ. ಬ್ರೂಗೆಲ್ ಎಂಬ 16ನೇ ಶತಮಾನದ ಚಿತ್ರಕಾರನ ಚಿತ್ರಗಳು ಪ್ರಪಂಚದಲ್ಲೇ ಅತಿ ಹೆಚ್ಚು ಇರುವುದು ಅಲ್ಲಿ. 1565ರಲ್ಲಿ ಆತ ವರ್ಷದ ಕಾಲಗಳನ್ನು ಒಂದೊಂದಾಗಿ ಬರೆದ. ಶರತ್ಕಾಲದ ಚಿತ್ರದಲ್ಲಿ ದನ ಹೊಡೆದುಕೊಂಡು ಊರಿಗೆ ವಾಪಸ್ ಬರುತ್ತಿದ್ದಾರೆ. ದನಗಳ ಬೆನ್ನು ನಮ್ಮ ಕಡೆಗೆ. ಹಿಂದೆ ಉದ್ದ ಕೋಲು ಹಿಡಿದ ದನಗಾಹಿಗಳು, ಚಳಿಗೆ ಮೈ ಮುದುಡಿಕೊಂಡು ನಡೆಯುತ್ತಿದ್ದಾರೆ. ಮರದಲ್ಲಿ ಎಲೆ ಇಲ್ಲ, ಬೆಟ್ಟದ ಮೇಲೆ ಕಪ್ಪು ಮೋಡ. ದನ ಮೇಯಿಸಿದವರಿಗೆ, ದನ ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಈ ಚಿತ್ರಕ್ಕೆ ಗೈಡ್ ಬೇಡ. ಅದರ ಮುಂದೆ ಬೆಂಚಿನಲ್ಲಿ ಕೂತು ಹತ್ತು ನಿಮಿಷ ನೋಡಿ.

ಪ್ರಶ್ನೆ: ಅಮ್ಮನಿಗೆ 68, ಮಂಡಿನೋವು. ಮೊಟ್ಟೆಯೂ ತಿನ್ನೋದಿಲ್ಲ. ಕರೆದುಕೊಂಡು ಹೋಗಬಹುದಾ? (ಉಡುಪಿಯ ಓದುಗರು)

ಖಂಡಿತ ಕರೆದುಕೊಂಡು ಹೋಗಿ. ಯುರೋಪಿನ ದೊಡ್ಡ ಊರುಗಳಲ್ಲಿ ವಯಸ್ಸಾದವರಿಗೆ ಇಷ್ಟು ಅನುಕೂಲ ಇರುವುದು ಕಮ್ಮಿ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಹೊಸ ಟ್ರಾಮ್‌ಗಳ ನೆಲ ರಸ್ತೆಗೆ ಬಹುತೇಕ ಸಮ, ಮೆಟ್ಟಿಲು ಹತ್ತುವ ತೊಂದರೆ ಇಲ್ಲ. ಅಮ್ಮನಿಗೆ ನಡೆಯೋಕೆ ಆಗದ ದಿನ ಸುಮ್ನೆ 1ನೇ ನಂಬರಿನ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂರಿಸಿ. ಆಮೇಲೆ 2ನೇ ನಂಬರ್ ಹತ್ತಿ. ಇವೆರಡರಲ್ಲೇ ಹಳೇ ಊರನ್ನು ಸುತ್ತುವ ರಿಂಗ್ ರಸ್ತೆಯ ಸಂಸತ್ತು, ನಗರಸಭೆ, ಊರ ನಡುವಿನ ಹೋಫ್‌ಬುರ್ಗ್ ಅರಮನೆ, ಒಪೆರಾ (ಸಂಗೀತ ನಾಟಕದ ರಂಗಮಂದಿರ) ಎಲ್ಲ ಕಂಡುಬಿಡುತ್ತದೆ. ಒಂದು ಎಚ್ಚರಿಕೆ: ನಿಲ್ದಾಣಗಳಲ್ಲಿ ಗೇಟ್ ಇಲ್ಲ, ಯಾರೂ ತಡೆಯುವುದಿಲ್ಲ. ಹಾಗಂತ ಟಿಕೆಟ್ ಇಲ್ಲದೆ, ಅಥವಾ ಕಾಗದದ ಟಿಕೆಟ್ಟಿಗೆ ಯಂತ್ರದಲ್ಲಿ ಮುದ್ರೆ ಒತ್ತಿಸದೆ ಹತ್ತಬೇಡಿ. ಸಿಕ್ಕಿಬಿದ್ದರೆ ದಂಡ 100 ಯೂರೋ ದಾಟುತ್ತದೆ.

ಊಟದ್ದು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಟೋಬರ್ ಅಂದರೆ ಅಲ್ಲಿ ಕುಂಬಳಕಾಯಿ ಕಾಲ. ಎಲ್ಲ ಹೋಟೆಲಿನಲ್ಲೂ ಸಿಹಿಗುಂಬಳದ ಸೂಪ್ ಇರುತ್ತದೆ. ಹಳದಿ ಸೂಪಿನ ಮೇಲೆ ಕುಂಬಳ ಬೀಜದ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟಿರುತ್ತಾರೆ, ಕಡು ಹಸಿರು ಬಣ್ಣ, ಹುರಿದ ಬೀಜದ ಘಮ. ಅಮ್ಮನಿಗೆ ಹಿಡಿಸುತ್ತದೆ. ಆದರೆ ತರಿಸುವ ಮುಂಚೆ ಒಂದು ಮಾತು ಕೇಳಲೇಬೇಕು: ಸೂಪ್ ಯಾವ ನೀರಲ್ಲಿ ಮಾಡಿದ್ದು? ಅಲ್ಲಿನ ಸೂಪುಗಳಿಗೆ ದನದ ಮಾಂಸ ಬೇಯಿಸಿದ ರಸ ಹಾಕುವುದು ಸಾಮಾನ್ಯ. ಮೇಲೆ ತರಕಾರಿ ಮಾತ್ರ ಕಂಡರೂ ಒಳಗೆ ಅದಿರಬಹುದು. "ವೆಗೆಟಾರಿಶ್" ಅಂದರೆ ಮಾಂಸ ಇಲ್ಲ, ಆದರೆ ಮೊಟ್ಟೆ ಇರಬಹುದು. "ವೆಗಾನ್" ಅಂತ ಬರೆದಿದ್ದರೆ ಮೊಟ್ಟೆ, ಹಾಲು ಯಾವುದೂ ಇಲ್ಲ. ಮೊಟ್ಟೆ ಬೇಡದವರಿಗೆ ಈ ಎರಡನೇ ಶಬ್ದವೇ ಆಸರೆ. ಚೀಸ್ ಹಾಕಿದ ಷ್ಪೆಟ್ಸ್‌ಲೆ ಅಂತ ಒಂದು ತಿಂಡಿಯನ್ನು ಸಸ್ಯಾಹಾರ ಅಂತ ಎಲ್ಲರೂ ತೋರಿಸುತ್ತಾರೆ, ಅದರ ಹಿಟ್ಟಿನಲ್ಲಿ ಮೊಟ್ಟೆ ಇದೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಒಂದು ಹೊತ್ತು ಅನ್ನ ತಿಳಿಸಾರು ಆದರೆ ಅಮ್ಮ ಆರಾಮಾಗಿರುತ್ತಾರೆ. ನಾಷ್‌ಮಾರ್ಕ್ಟ್ ಸಂತೆ ಸುತ್ತಮುತ್ತ ಏಷ್ಯಾದ ದಿನಸಿ ಅಂಗಡಿಗಳಿವೆ. ಭಾನುವಾರ ಅಂಗಡಿಗಳೆಲ್ಲ ಬಂದ್ ಅನ್ನುವುದು ನೆನಪಿರಲಿ, ಹಾಲು ತರಕಾರಿ ಶನಿವಾರವೇ ತಂದಿಡಿ. ಮರೆತರೆ ಮುಖ್ಯ ರೈಲು ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ.

ನೀರು ಮಾತ್ರ ಕೊಳ್ಳಬೇಡಿ. ನಲ್ಲಿ ನೀರೇ ಕುಡಿಯಿರಿ. 1873ರಲ್ಲಿ ಹಾಕಿದ ಕೊಳವೆ ಸಾಲಿನಲ್ಲಿ ಆಲ್ಪ್ಸ್ ಬೆಟ್ಟದ ಒರತೆ ನೀರು ಇವತ್ತಿಗೂ ಊರಿಗೆ ಬರುತ್ತದೆ, 1910ರಲ್ಲಿ ಎರಡನೇ ಸಾಲು ಸೇರಿತು. ಮನೆಯ ನಲ್ಲಿಯಲ್ಲಿ ಬರುವ ನೀರು ಬೆಟ್ಟದ ನೀರು.

ಪ್ರಶ್ನೆ: ಬೆಂಗಳೂರಿನ ಸ್ವೆಟರ್ ಸಾಕಾಗುತ್ತಾ? (ಬೆಂಗಳೂರಿನ ಓದುಗರು)

ಸ್ವೆಟರ್ ಸಾಕು, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ ಬೇಕೇ ಬೇಕು. ವಿಯೆನ್ನಾದಲ್ಲಿ ಚಳಿಗಿಂತ ಗಾಳಿ ಕಾಡುತ್ತದೆ. ಅಕ್ಟೋಬರ್ ಹಗಲಲ್ಲಿ 15 ಡಿಗ್ರಿ ಆಸುಪಾಸು, ನವೆಂಬರ್‌ನಲ್ಲಿ ಹತ್ತಕ್ಕಿಂತ ಕೆಳಗೆ. ದಪ್ಪ ಕೋಟು ಒಂದರ ಬದಲು ತೆಳ್ಳಗಿನವು ಮೂರು ಒಯ್ಯಿರಿ. ಒಳಗೆ ಹೋದ ಕೂಡಲೇ ಹೀಟರ್, ಬಿಚ್ಚಲೇಬೇಕಾಗುತ್ತದೆ. ಛತ್ರಿ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ಜಾಕೆಟ್ ನೋಡಿ. ಶೂ ನೀರು ಹಿಡಿಯದಂಥದ್ದಿರಲಿ, ಹಳೇ ಊರಿನ ಕಲ್ಲುಹಾಸಿನ ಮೇಲೆ ಒದ್ದೆ ಎಲೆ ಬಿದ್ದರೆ ಜಾರುತ್ತದೆ. ತುಟಿ ಒಡೆಯುತ್ತದೆ, ಕೊಬ್ಬರಿ ಎಣ್ಣೆಯ ಪುಟ್ಟ ಡಬ್ಬಿ ಇಟ್ಟುಕೊಳ್ಳಿ.

ಪ್ರಶ್ನೆ: ಪಾರ್ಕಿನಲ್ಲಿ ಚೆಸ್ಟ್‌ನಟ್ ಕಾಯಿ ರಾಶಿ ಬಿದ್ದಿರುತ್ತವಂತೆ. ಆರಿಸಿಕೊಂಡು ಸುಟ್ಟು ತಿನ್ನಬಹುದಾ? (ಶಿವಮೊಗ್ಗದ ಓದುಗರು)

ಬೇಡ, ದಯವಿಟ್ಟು ಬೇಡ. ಅದು ಬೇರೆ ಜಾತಿ. ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ ಇರುವುದು ಕುದುರೆ ಚೆಸ್ಟ್‌ನಟ್. ಕಾಯಿ ಹೊಳೆಯುವ ಕಂದು, ನೋಡೋಕೆ ಬಹಳ ಚಂದ, ತಿಂದರೆ ವಿಷ. ತಿನ್ನುವಂಥದ್ದರ ಒಂದು ತುದಿ ಚೂಪಾಗಿ ಪುಟ್ಟ ಜುಟ್ಟಿನಂತೆ ಇರುತ್ತದೆ, ಸಿಪ್ಪೆಗೆ ಒತ್ತಾದ ಸಣ್ಣ ಮುಳ್ಳು. ಕುದುರೆ ಚೆಸ್ಟ್‌ನಟ್ ಗುಂಡಗೆ, ಸಿಪ್ಪೆಯಲ್ಲಿ ಬಿಡಿ ಬಿಡಿ ಮುಳ್ಳು. ಮಕ್ಕಳು ಆಟಕ್ಕೆ ಆರಿಸಲಿ, ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ತಿನ್ನೋಕೆ ಬೀದಿ ಬದಿಯ ಮಾರೋನಿ, ಅಂದರೆ ತಿನ್ನುವ ಚೆಸ್ಟ್‌ನಟ್, ಮಾರುವ ಗಾಡಿಗೆ ಹೋಗಿ. ಅಕ್ಟೋಬರ್ ಬಂತೆಂದರೆ ಮೂಲೆ ಮೂಲೆಯಲ್ಲಿ ಶುರು. ದೊಡ್ಡ ಕಬ್ಬಿಣದ ಒಲೆಯ ಮೇಲೆ, ಸಿಪ್ಪೆಗೆ ಚಾಕುವಿನಿಂದ ಗೀರು ಹಾಕಿದ ಕಾಯಿಗಳನ್ನು ಹುರಿದು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಬಿಸಿ ಇರುವಾಗಲೇ ಸುಲಿಯಬೇಕು, ಆರಿದರೆ ಒಳಗಿನ ತೆಳು ಪೊರೆ ಅಂಟಿಕೊಂಡು ಕೈಗೆ ಬರೋದಿಲ್ಲ. ರುಚಿ ಬೇಯಿಸಿದ ಗೆಣಸಿನ ಹತ್ತಿರ. ಅದೇ ಗಾಡಿಯಲ್ಲಿ ಹುರಿದ ಆಲೂಗಡ್ಡೆಯೂ ಸಿಗುತ್ತದೆ.

ಕುದುರೆ ಚೆಸ್ಟ್‌ನಟ್ ಮರಗಳ ಬಗ್ಗೆ ಇನ್ನೊಂದು ವಿಷಯ. ಪ್ರಾಟರ್ ಉದ್ಯಾನದಲ್ಲಿ ಈ ಮರಗಳೇ ಸಾಲಾಗಿರುವ ಮುಖ್ಯ ರಸ್ತೆ ನಾಲ್ಕು ಕಿಲೋಮೀಟರಿಗೂ ಜಾಸ್ತಿ ಉದ್ದ, ಬಹುಪಾಲು ಗೆರೆ ಎಳೆದಂತೆ ನೇರ, ಸಮತಟ್ಟು. 2019ರ ಅಕ್ಟೋಬರ್ 12ರಂದು ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು ಮೊದಲ ಬಾರಿಗೆ ಎರಡು ಗಂಟೆಯೊಳಗೆ, 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ, ಓಡಿ ಮುಗಿಸಿದ್ದು ಇಲ್ಲೇ. ಓಟದ ಹುಚ್ಚಿರುವವರು ಬೆಳಿಗ್ಗೆ ಶೂ ಹಾಕಿಕೊಂಡು ಹೋಗಿ. ಆದರೆ ಹಳದಿ ಎಲೆ ನೋಡೋಕೆ ಅಂತ ಅಲ್ಲಿಗೆ ಹೋದವರಿಗೆ ಒಮ್ಮೊಮ್ಮೆ ನಿರಾಸೆ ಆಗುತ್ತದೆ. ಕುದುರೆ ಚೆಸ್ಟ್‌ನಟ್ ಎಲೆಯೊಳಗೆ ಸುರಂಗ ಕೊರೆಯುವ ಪುಟ್ಟ ಪತಂಗದ ಹುಳು ಒಂದಿದೆ. ಅದರಿಂದ ಎಲೆ ಆಗಸ್ಟ್‌ನಲ್ಲೇ ಕಂದಾಗಿ ಸುರುಟಿಕೊಳ್ಳುತ್ತದೆ. ಈ ಹುಳು ಉದುರಿದ ಎಲೆಯಲ್ಲೇ ಚಳಿಗಾಲ ಕಳೆಯುತ್ತದೆ, ಅದಕ್ಕೇ ಆ ಎಲೆಗಳನ್ನು ಗುಡಿಸಿ ಸಾಗಿಸುವುದು ಅಲ್ಲಿ ಮುಖ್ಯವಾದ ಕೆಲಸ. ಒಳ್ಳೆ ಬಣ್ಣ ಬೇಕೆಂದರೆ ಮೇಪಲ್, ಬೀಚ್ ಮರಗಳಿರುವ ವಿಯೆನ್ನಾ ಕಾಡಿಗೆ, ದ್ರಾಕ್ಷಿ ತೋಟಕ್ಕೆ ಹೋಗಿ.

ಪ್ರಶ್ನೆ: ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದವನು. ಅಲ್ಲಿನ ಸಂಗೀತ ಒಮ್ಮೆಯಾದರೂ ಎದುರಿಗೆ ಕೇಳಬೇಕು, ಆದರೆ ಟಿಕೆಟ್ ಬೆಲೆ ನೋಡಿ ಎದೆ ಝಲ್ ಅಂತು. (ಧಾರವಾಡದ ಓದುಗರು)

ಧಾರವಾಡದವರು ಸಂಗೀತ ಕೇಳದೆ ವಾಪಸ್ ಬರಬಾರದು. ದಾರಿ ಇದೆ. ವಿಯೆನ್ನಾದ ಸರ್ಕಾರಿ ಒಪೆರಾದ ಹೊಸ ಕಾರ್ಯಕ್ರಮಗಳ ಸಾಲು ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದೆ, ಬಹುತೇಕ ದಿನ ಪ್ರದರ್ಶನ ಇದ್ದೇ ಇರುತ್ತದೆ. ಅಲ್ಲಿ ನಿಂತು ಕೇಳುವವರಿಗೆ ಅಂತಲೇ ನಾನೂರಕ್ಕೂ ಹೆಚ್ಚು ಜಾಗ ಇಟ್ಟಿದ್ದಾರೆ. ಕೂತು ನೋಡುವ ಒಳ್ಳೆ ಸೀಟಿನ ಬೆಲೆಗೆ ಹೋಲಿಸಿದರೆ ಇದರ ಟಿಕೆಟ್ ತೀರಾ ಕಮ್ಮಿ. ಒಳಗೆ ಹೋದ ಮೇಲೆ ನಿಮ್ಮ ಮುಂದಿನ ಕಂಬಿಗೆ ಒಂದು ಶಾಲು ಅಥವಾ ಕರ್ಚೀಫ್ ಕಟ್ಟಿದರೆ ಆ ಜಾಗ ನಿಮ್ಮದು, ಆಚೆ ಹೋಗಿ ಬಂದರೂ ಯಾರೂ ಮುಟ್ಟುವುದಿಲ್ಲ. ಅಲ್ಲಿ ಹತ್ತಾರು ವರ್ಷಗಳಿಂದ ನಿಂತೇ ಕೇಳುವ ರಸಿಕರಿದ್ದಾರೆ, ನಮ್ಮ ಅಹೋರಾತ್ರಿ ಕಛೇರಿಗಳ ಹಳೇ ಕೇಳುಗರ ಥರದವರೇ. ಕಾಲು ನೋವು ಬಂದರೆ ವಿರಾಮದಲ್ಲಿ ಹೊರಡಿ, ಒಂದು ಅಂಕ ಕೇಳಿದರೂ ಸಾರ್ಥಕ. ಜಾಕೆಟ್, ಬ್ಯಾಗ್ ಹೊರಗಿನ ಕೋಣೆಯಲ್ಲಿ ಕೊಟ್ಟೇ ಹೋಗಬೇಕು.

ಹಾಡಿಗಿಂತ ವಾದ್ಯ ಇಷ್ಟ ಅನ್ನುವವರು 1870ರಲ್ಲಿ ಕಟ್ಟಿದ ಮುಸಿಕ್‌ಫೆರೈನ್ ಸಭಾಂಗಣ ನೋಡಿ. ಅಲ್ಲೂ ನಿಂತು ಕೇಳುವ ಟಿಕೆಟ್ ಇದೆ. ಒಪೆರಾ ಸುತ್ತ ಹಳೇ ಕಾಲದ ಕೋಟು, ಬಿಳಿ ವಿಗ್ ಹಾಕಿಕೊಂಡು ಟಿಕೆಟ್ ಮಾರುವವರು ನಿಮ್ಮನ್ನು ಹಿಡಿದು ನಿಲ್ಲಿಸುತ್ತಾರೆ. ಅವರು ಮಾರುವುದು ಪ್ರವಾಸಿಗರಿಗೆ ಅಂತ ಬೇರೆ ಕಡೆ ಮಾಡುವ ಕಾರ್ಯಕ್ರಮದ ಟಿಕೆಟ್. ನಿಮ್ಮಂಥ ಕೇಳುಗರಿಗೆ ಅದು ಬೇಡ.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿರುವ ಕನ್ನಡಿಗರು. ನವೆಂಬರ್ 1ರ ರಜೆಗೆ ವಿಯೆನ್ನಾಗೆ ಹೋಗೋಣ ಅಂತ. ಅವತ್ತು ಎಲ್ಲ ಬಂದ್ ಅಂತಾರಲ್ಲ? (ಜರ್ಮನಿಯಿಂದ ಓದುಗರು)

ಅಂಗಡಿ ಬಂದ್, ಊರು ಬಂದ್ ಅಲ್ಲ. ಕಾಫಿಹೌಸ್, ಹೋಟೆಲ್, ಟ್ರಾಮ್ ಎಲ್ಲ ಇರುತ್ತವೆ. ಅಕ್ಟೋಬರ್ 26 ಕೂಡ ಹೀಗೇ ರಾಷ್ಟ್ರೀಯ ರಜೆ.

ನವೆಂಬರ್ 1 ಅಲ್ಲಿ ತೀರಿಹೋದವರನ್ನು ನೆನೆಯುವ ದಿನ. ಮನೆಮಂದಿಯೆಲ್ಲ ಹೂವು, ದೀಪ ಹಿಡಿದು ಸಮಾಧಿಗೆ ಬರುತ್ತಾರೆ. ನಮ್ಮ ಪಿತೃಪಕ್ಷ ಮುಗಿದು ಕೆಲವು ವಾರ ಆಗಿರುತ್ತದೆ ಅಷ್ಟೇ. 71ನೇ ನಂಬರಿನ ಟ್ರಾಮ್‌ನಲ್ಲಿ ಕೇಂದ್ರ ಸ್ಮಶಾನಕ್ಕೆ ಹೋಗಿ, ಎರಡನೇ ಗೇಟಿನಲ್ಲಿ ಇಳಿಯಿರಿ. 1874ರಲ್ಲಿ ತೆರೆದದ್ದು, ಸುಮಾರು ಎರಡೂವರೆ ಚದರ ಕಿಲೋಮೀಟರ್, ದೊಡ್ಡ ದೊಡ್ಡ ಮರಗಳು. ಪಾಶ್ಚಾತ್ಯ ಸಂಗೀತದ ದಿಗ್ಗಜರಾದ ಬೇತೋವನ್, ಶೂಬರ್ಟ್, ಬ್ರಾಮ್ಸ್ ಮೂವರ ಸಮಾಧಿ ಹತ್ತಿರ ಹತ್ತಿರದಲ್ಲೇ ಇದೆ. ನಡುವೆ ಮೊಝಾರ್ಟ್‌ನದು ಸ್ಮಾರಕ ಮಾತ್ರ, ಆತನನ್ನು ಹೂಳಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ. ಅವತ್ತು ಜನ ಜಾಸ್ತಿ ಇರುತ್ತಾರೆ, ಟ್ರಾಮ್ ತುಂಬಿರುತ್ತದೆ. ಬೇರೆಯವರ ಮನೆಯ ಸಮಾಧಿ ಮುಂದೆ ಫೋಟೋ ತೆಗೆಯುವುದು ಬೇಡ.

ವಾಪಸ್ ಬಂದು ಯಾವುದಾದರೂ ಹಳೇ ಕಾಫಿಹೌಸಿನಲ್ಲಿ ಕೂರಿ. ಮೆಲಾಂಜ್ ಕೇಳಿದರೆ ಪುಟ್ಟ ತಟ್ಟೆಯ ಮೇಲೆ ನೊರೆಹಾಲಿನ ಕಾಫಿ, ಪಕ್ಕದಲ್ಲಿ ಒಂದು ಗ್ಲಾಸ್ ನೀರು, ಗ್ಲಾಸಿನ ಮೇಲೆ ಬೋರಲು ಇಟ್ಟ ಚಮಚ ಬರುತ್ತದೆ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ. ಬಿಲ್ ನೀವೇ ಕೇಳಬೇಕು. ಕಡಕ್ ಡಿಕಾಕ್ಷನ್ ಅಭ್ಯಾಸ ಇದ್ದವರಿಗೆ ಸ್ವಲ್ಪ ತೆಳು ಅನ್ನಿಸಬಹುದು.

ಪ್ರಶ್ನೆ: ವೀಸಾ ಎಷ್ಟು ಮುಂಚೆ ಹಾಕಬೇಕು? (ದಾವಣಗೆರೆಯ ಓದುಗರು)

ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ. ಗಡುವಿನವರೆಗೆ ಕಾಯಬೇಡಿ. ದಸರಾಕ್ಕೆ ಹೋಗುವವರು ಜೂನ್ ಜುಲೈನಲ್ಲೇ ಸಮಯ ಕಾದಿರಿಸಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಲೇಬೇಕು. ಎರಡು ಮೂರು ದೇಶ ಸೇರಿಸಿ ಹೋಗುವವರು ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶದ ಕಚೇರಿಗೇ ಅರ್ಜಿ ಹಾಕಬೇಕು.

ವಿಮಾನ ಫ್ರಾಂಕ್‌ಫರ್ಟ್ ಥರದ ಷೆಂಗೆನ್ ಊರಿನಲ್ಲಿ ಬದಲಾಯಿಸುವುದಾದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುತ್ತದೆ, ವಿಯೆನ್ನಾದಲ್ಲಿ ಅಲ್ಲ. 2025ರ ಅಕ್ಟೋಬರ್‌ನಿಂದ ಬಂದಿರುವ ಹೊಸ ವ್ಯವಸ್ಥೆಯಲ್ಲಿ ಮುಖದ ಫೋಟೋ ತೆಗೆದು ಕಂಪ್ಯೂಟರ್‌ಗೆ ಸೇರಿಸುವುದರಿಂದ ಸಾಲು ನಿಧಾನ ಆಗಬಹುದು. ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರುವ ಟಿಕೆಟ್ ತೆಗೆಯಿರಿ. ವಿಯೆನ್ನಾದಲ್ಲಿ ಇಳಿದ ಮೇಲೆ ಊರಿಗೆ ಹೋಗಲು ಎಸ್7 ಎಂಬ ಮಾಮೂಲಿ ರೈಲು ಸಾಕು, ಅರ್ಧ ಗಂಟೆಯೊಳಗೆ ಸೇರಿಸುತ್ತದೆ. 16 ನಿಮಿಷದಲ್ಲಿ ಹೋಗುವ ಹಸಿರು ಬಣ್ಣದ ವಿಶೇಷ ರೈಲಿಗೆ ಅದಕ್ಕಿಂತ ಬಹಳ ಜಾಸ್ತಿ ದುಡ್ಡು.